ಮ್ಯೂನಿಕ್‌ನಲ್ಲಿ ಭಾನುವಾರ: ಮ್ಯೂಸಿಯಂಗೆ 1 ಯೂರೋ, ನೀರಿಗೆ 7

ಮ್ಯೂನಿಕ್ ನೋಡಲು ಒಂದೇ ದಿನ ಇದ್ದರೆ ಭಾನುವಾರವೇ ಹೋಗಿ. ಅವತ್ತು ಅಲ್ಲಿನ ಹಲವು ಸರ್ಕಾರಿ ಮ್ಯೂಸಿಯಂಗಳ ಟಿಕೆಟ್ ಬರೀ 1 ಯೂರೋ. ಆಲ್ಟೆ ಪಿನಾಕೊಥೆಕ್, ಪಿನಾಕೊಥೆಕ್ ಡೆರ್ ಮೊಡೆರ್ನೆ, ಬ್ರಾಂಡ್‌ಹೋರ್ಸ್ಟ್ ಅನ್ನೋ ಮೂರು ಕಲಾ ಮ್ಯೂಸಿಯಂಗಳೂ ಅಕ್ಕಪಕ್ಕದಲ್ಲೇ ಇವೆ. ಸೋಮವಾರ ಮೂರಕ್ಕೂ ಬೀಗ. ಹಾಗಾಗಿ ವೀಕೆಂಡ್‌ಗೆ ಸೋಮವಾರದ ರಜೆ ಸೇರಿಸುವ ಪ್ಲಾನ್ ಬೇಡ.

ನಾನು ಓದುತ್ತಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಡೊಯಿಚ್‌ಲಾಂಡ್‌ಟಿಕೆಟ್ (ಜರ್ಮನಿಯ ಲೋಕಲ್ ರೈಲು, ಬಸ್‌ಗಳ ತಿಂಗಳ ಪಾಸ್) ಇದ್ದರೆ ಉಲ್ಮ್‌ನಲ್ಲಿ ರೈಲು ಬದಲಿಸಿ ನಿಧಾನದ ಗಾಡಿಯಲ್ಲೇ ಬರಬಹುದು. ಐಸಿಇ ಅನ್ನೋ ವೇಗದ ರೈಲಿಗೆ ಅದು ನಡೆಯಲ್ಲ. ಬೆಳಗ್ಗೆ ಬೇಗ ಹೊರಟರೆ ಸೀಟು ಸಿಗುತ್ತದೆ, ಸಂಜೆಯ ಮಾತು ಬೇರೆ.

ಊರ ನಡುವಿನ ಚೌಕ ಮಾರಿಯನ್‌ಪ್ಲಾಟ್ಸ್ ಬಗ್ಗೆ ಎರಡೇ ಮಾತು. 11 ಮತ್ತು 12 ಗಂಟೆಗೆ ಟೌನ್‌ಹಾಲ್ ಗೋಪುರದಲ್ಲಿ ಗಂಟೆ ಬಾರಿಸಿ ಗೊಂಬೆಗಳು ಕುಣಿಯುತ್ತವೆ. ಕೆಳಗೆ ಕಾಲಿಡಲು ಜಾಗವಿಲ್ಲ, ಎಲ್ಲರ ಫೋನೂ ಮೇಲಕ್ಕೆ. ಗುಂಪು ಕಂಡರೆ ನನಗೆ ಆಗಲ್ಲ, ನಿಮಗೆ ಆಗುವುದಾದರೆ ನಿಂತು ನೋಡಿ.

ಜೇಬಿಗೆ ಕತ್ತರಿ ಬಿದ್ದದ್ದು ಅಲ್ಲೇ ಪಕ್ಕದ ಒಂದು ರೆಸ್ಟೋರೆಂಟ್‌ನಲ್ಲಿ. ಕೂತ ಕೂಡಲೇ ಟೇಬಲ್ ಮೇಲೆ ಬ್ರೆಟ್ಸೆಲ್ (ಗಂಟು ಹಾಕಿದಂತಿರುವ ಬ್ರೆಡ್) ತುಂಬಿದ ಬುಟ್ಟಿ ಇತ್ತು. ಯಾರೂ ಕೇಳಿರಲಿಲ್ಲ, ಬೆಲೆಯನ್ನೂ ಹೇಳಲಿಲ್ಲ. ಮುರಿದು ತಿಂದ ಒಂದೊಂದನ್ನೂ ಎಣಿಸಿ ಬಿಲ್‌ಗೆ ಸೇರಿಸಿದರು. ನಲ್ಲಿ ನೀರು ಕೇಳಿದರೆ ಕೊಡುವುದಿಲ್ಲ ಎಂದರು. ಬಾಟಲಿ ನೀರಿಗೆ 7 ಯೂರೋ! ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ ಬರುವ ಒಳ್ಳೆಯ ನೀರು ಈ ಊರಿನ ನಲ್ಲಿಯಲ್ಲೇ ಹರಿಯುತ್ತದೆ. ಬಾಟಲಿ ತುಂಬಿಸಿಕೊಂಡೇ ಓಡಾಡಿ, ಭಾನುವಾರ ಸೂಪರ್‌ಮಾರ್ಕೆಟ್‌ಗಳೂ ಮುಚ್ಚಿರುತ್ತವೆ. ಇನ್ನು ಅವರು ಕೊಟ್ಟ ಕೇಸ್‌ಷ್ಪೆಟ್ಸ್ಲೆ, ಅಂದರೆ ಚೀಸ್ ಹಾಕಿದ ನೂಡಲ್ಸ್. ನಮ್ಮ ಯೂನಿವರ್ಸಿಟಿ ಕ್ಯಾಂಟೀನ್‌ನವರೇ ಎಷ್ಟೋ ವಾಸಿ.

ಆಲ್ಟೆ ಪಿನಾಕೊಥೆಕ್‌ಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಒಳಗೆ ಹೋಗುವ ಮೊದಲು ಹೊರಗಿನ ಗೋಡೆ ನೋಡಿ. 1836ರಲ್ಲಿ ತೆರೆದ ಕಟ್ಟಡ ಇದು, ಎರಡನೇ ಮಹಾಯುದ್ಧದ ಬಾಂಬಿಗೆ ನಡುಭಾಗವೇ ಕುಸಿದಿತ್ತು. ಮತ್ತೆ ಕಟ್ಟಿದ ಹಾನ್ಸ್ ಡೋಲ್‌ಗಾಸ್ಟ್ ಆ ಗಾಯವನ್ನು ಮುಚ್ಚಲಿಲ್ಲ. ಬರೀ ಇಟ್ಟಿಗೆಯ ತೇಪೆ ಹಾಗೇ ಕಾಣುತ್ತದೆ. ಎಷ್ಟೋ ಜನ ಅದರತ್ತ ತಿರುಗಿಯೂ ನೋಡದೆ ಒಳಗೆ ನುಗ್ಗುತ್ತಾರೆ.

ಒಳಗೆ ರೂಬೆನ್ಸ್‌ನ 6 ಮೀಟರ್ ಎತ್ತರದ ಚಿತ್ರದ ಮುಂದೆ ಎಲ್ಲರೂ ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಲ್ಟ್‌ಡೋರ್ಫರ್ 1529ರಲ್ಲಿ ಬರೆದ ಇಸ್ಸಸ್ ಯುದ್ಧದ ಚಿತ್ರ. ಅಲೆಕ್ಸಾಂಡರನೂ ಅವನ ಎದುರಾಳಿ ಪರ್ಷಿಯಾದ ದೊರೆ ಡೇರಿಯಸನೂ ಎಲ್ಲಿದ್ದಾರೆ ಅಂತ ಹುಡುಕಬೇಕು, ಅಷ್ಟು ಸೈನಿಕರು. ಒಬ್ಬೊಬ್ಬನ ಈಟಿಯನ್ನೂ ಬಿಡದೆ ಬರೆದಿದ್ದಾನೆ ಪುಣ್ಯಾತ್ಮ. ಇದನ್ನು ಮುಗಿಸಲೆಂದೇ ರೇಗೆನ್ಸ್‌ಬುರ್ಗ್‌ನ ಮೇಯರ್ ಪಟ್ಟ ಬೇಡ ಅಂದನಂತೆ. ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಮುಖವೂ ಇಲ್ಲೇ ಇದೆ, ತಪ್ಪಿಸಬೇಡಿ. ಪಕ್ಕದ ಇನ್ನೊಂದು ಮ್ಯೂಸಿಯಂ ನೊಯೆ ಪಿನಾಕೊಥೆಕ್ ರಿಪೇರಿಗೆಂದು 2018ರ ಕೊನೆಯಿಂದ ಮುಚ್ಚಿದೆ. ಅಲ್ಲಿನ ಕೆಲವು ಚಿತ್ರಗಳನ್ನು ಇಲ್ಲಿಗೇ ತಂದಿಟ್ಟಿದ್ದಾರೆ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ, ಲಾಕರ್‌ಗೆ ಚಿಲ್ಲರೆ ಇರಲಿ.

ಬ್ರಾಂಡ್‌ಹೋರ್ಸ್ಟ್‌ನಲ್ಲಿ ಚಿತ್ರಕಾರ ಸೈ ಟ್ವೋಂಬ್ಲಿಯ ಲೆಪಾಂಟೊ (ಒಂದು ನೌಕಾಯುದ್ಧ) ಸಾಲಿನ 12 ಚಿತ್ರಗಳಿಗೆಂದೇ ಕಟ್ಟಿದ ಕೋಣೆ ಇದೆ. ಮಕ್ಕಳು ಗೀಚಿದ ಹಾಗಿದೆ ಅಂತ ಅನ್ನಿಸಬಹುದು. ಬೆಂಚಿನ ಮೇಲೆ ಸುಮ್ನೆ ಕೂತರೂ 1 ಯೂರೋಗೆ ಮೋಸವಿಲ್ಲ. ಪಿನಾಕೊಥೆಕ್ ಡೆರ್ ಮೊಡೆರ್ನೆಯಲ್ಲಿ ಹಳೇ ಕುರ್ಚಿ, ಟೈಪ್‌ರೈಟರ್, ಕಂಪ್ಯೂಟರ್‌ಗಳ ಡಿಸೈನ್ ವಿಭಾಗ ನೋಡಿದರೆ ಸಾಕು.

ಊಟಕ್ಕೆ ಮಾತ್ರ ಹಾಪ್ಟ್‌ಬಾನ್‌ಹೋಫ್, ಅಂದರೆ ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಬನ್ನಿ. ಗೊಯ್ಟೆಸ್ಟ್ರಾಸೆ, ಲಾಂಡ್‌ವೆರ್‌ಸ್ಟ್ರಾಸೆ ಸುತ್ತ ಟರ್ಕಿ, ಅರಬ್ ಅಂಗಡಿಗಳ ಸಾಲೇ ಇದೆ. ಬೀದಿ ನೋಡಿದರೆ ಸ್ವಲ್ಪ ಗಲೀಜು, ಹೆದರಬೇಡಿ. ನಾನು ಹೋದ ಪುಟ್ಟ ಟರ್ಕಿ ಹೋಟೆಲ್‌ನಲ್ಲಿ ಕೆಂಪು ಬೇಳೆಯ ಸೂಪ್ ಕೊಟ್ಟರು. ಮೇಲೆ ಪುದೀನ, ಮೆಣಸಿನಪುಡಿ ಹಾಕಿ ಕಾಯಿಸಿದ ಬೆಣ್ಣೆ, ಪಕ್ಕದಲ್ಲಿ ನಿಂಬೆ ಹೋಳು. ನಮ್ಮ ಮನೆಯ ತೊವ್ವೆಯ ದಾಯಾದಿ ಅನ್ನಬಹುದು. ಜೊತೆಗೆ ಬಿಸಿ ಬ್ರೆಡ್, ಖಾಲಿಯಾದಂತೆ ಮತ್ತೆ ತಂದಿಡುತ್ತಾರೆ, ಅದಕ್ಕೆ ಬಿಲ್ ಇಲ್ಲ. ಸೊಪ್ಪು, ಈರುಳ್ಳಿ, ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿ ಪುಕ್ಕಟೆ. ಕೊನೆಗೆ ಸಣ್ಣ ಗ್ಲಾಸಿನಲ್ಲಿ ಟೀ, ಅದೂ ಪುಕ್ಕಟೆ. ಒಟ್ಟು 6 ಯೂರೋ ಒಳಗೆ ಹೊಟ್ಟೆ ತುಂಬಿತು. ಸಸ್ಯಾಹಾರಿಗಳು ಮಾತ್ರ ಸೂಪ್‌ಗೆ ಮಾಂಸದ ಸಾರು ಹಾಕಿದ್ದೀರಾ ಅಂತ ಮೊದಲೇ ಕೇಳಿ.

ರೈಲು ಹೊರಡುವ ಅರ್ಧ ಗಂಟೆ ಮೊದಲೇ ಪ್ಲಾಟ್‌ಫಾರ್ಮ್‌ನಲ್ಲಿರಿ. ಭಾನುವಾರ ಸಂಜೆ ಉಲ್ಮ್ ಕಡೆಯ ಗಾಡಿ ಸೈಕಲ್, ಸ್ಟ್ರೋಲರ್‌ಗಳಿಂದ ತುಂಬಿಹೋಗುತ್ತದೆ. ಉಲ್ಮ್‌ವರೆಗೂ ಬಾಗಿಲ ಹತ್ತಿರ ನಿಂತೇ ಬಂದೆ.