ಗದ್ದೆಗೆ ಹೋಗದ ನಾಲೆ

ನಮ್ಮಪ್ಪ ನೀರಗಂಟಿ. ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನ ಏರಿ ಮೇಲೆ ಬೆಳಗ್ಗೆ ಸಂಜೆ ಸೈಕಲ್ ತುಳಿಯುವುದೇ ಅವರ ನೌಕರಿ. ಯಾವ ತೂಬು ಎಷ್ಟು ತೆರೆದಿದೆ, ರಾತ್ರಿ ಯಾರು ಕದ್ದು ತಿರುಪಿದ್ದಾರೆ ಅಂತ ನೋಡಿಕೊಂಡು ಬರಬೇಕು. ರಿಟೈರ್ ಆದ ಮೇಲೂ ಆ ಸೈಕಲ್ ಬಿಟ್ಟಿರಲಿಲ್ಲ.

ಅವರೂ ಅವ್ವನೂ ಮೊಮ್ಮಗನನ್ನು ನೋಡಲು ನಾನಿರುವ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದರು. ಅವ್ವನಿಗೆ ಮಗು ಸಿಕ್ಕಿತು, ಹೊತ್ತು ಹೋಯಿತು. ಅಪ್ಪನಿಗೆ ಎರಡನೇ ವಾರಕ್ಕೇ ಬೇಜಾರು. "ಇಲ್ಲಿ ಓಡಾಡಕ್ಕೆ ಒಂದು ಏರಿನೂ ಇಲ್ವೇನವ್ವ?" ಅಂದರು.

ಇದೆ. ನಮ್ಮ ಮನೆಯ ಹತ್ತಿರವೇ ಬ್ರಿಸ್ಟಲ್‌ನಿಂದ ಬಾತ್ ಅನ್ನುವ ಊರಿಗೆ ಹಳೇ ರೈಲು ದಾರಿ ಇದೆ, ಈಗ ಸೈಕಲ್ ದಾರಿ, ಸುಮಾರು 21 ಕಿಲೋಮೀಟರ್. 1979ರಿಂದ 1986ರವರೆಗೆ ಊರಿನ ಸೈಕಲ್ ಪ್ರಿಯರೇ ಮುಂದೆ ನಿಂತು ಮಾಡಿಸಿದ ದಾರಿ. ನಾನು ಆಫೀಸಿಗೆ ಹೋಗುವುದು ಅದರಲ್ಲೇ. ಆದರೆ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಮನಸ್ಸಾಗಲಿಲ್ಲ. ಕಾರಿಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಇರುತ್ತೆ ಅಂತಲ್ಲ. ತಲೆ ಬಗ್ಗಿಸಿಕೊಂಡು ಪಕ್ಕದಲ್ಲೇ ಸುಯ್ ಅಂತ ಹಾರಿ ಹೋಗುವ ಆಫೀಸಿನವರು ಅಲ್ಲಿ ಜಾಸ್ತಿ. ಅದಕ್ಕೇ ಮೇ ತಿಂಗಳ ಒಂದು ಮಂಗಳವಾರ ರೈಲಿನಲ್ಲಿ ಬಾತ್‌ಗೆ ಹೋಗಿ, ಅಲ್ಲಿ ಬಾಡಿಗೆಗೆ ಎರಡು ಸೈಕಲ್ ತೆಗೆದುಕೊಂಡೆವು. ಎರಡು ಸುರಂಗ ದಾಟಿ, ಆಮೇಲೆ ಕೆನೆಟ್ ಅಂಡ್ ಏವನ್ ನಾಲೆ ಹಿಡಿದು ವಾಪಸ್ ಬಾತ್‌ಗೆ. ಇದೂ 21 ಕಿಲೋಮೀಟರಿನ ಸುತ್ತು.

ಅಪ್ಪ ಮಂಕಿ ಟೋಪಿ ತೆಗೆಯಲಿಲ್ಲ. ಅದರ ಮೇಲೇ ಹೆಲ್ಮೆಟ್ ಸಿಕ್ಕಿಸಿಕೊಂಡರು. ಗೇರುಗಳನ್ನು ಒಂದು ಸಲ ನೋಡಿದರು, "ಇವೆಲ್ಲಾ ನಿಂಗಿರ್ಲಿ" ಅಂದು ಯಾವುದೋ ಒಂದರಲ್ಲಿ ಇಟ್ಟವರು ಕೊನೇತನಕ ಮುಟ್ಟಲಿಲ್ಲ.

ಊರ ಮನೆಗಳ ಹಿತ್ತಲಿನ ಪಕ್ಕದಲ್ಲೇ ದಾರಿ ಶುರುವಾಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಕೇಳಿದರು, "ರೈಲ್ ದಾರಿ ಅಂದ್ಯಲ್ಲ, ಕಂಬಿ ಎಲ್ಲಿ?"

ಕಂಬಿ ಕಿತ್ತು ಎಷ್ಟೋ ವರ್ಷ ಆಯಿತು ಅಂದೆ. 1963ರಲ್ಲಿ ಇಲ್ಲಿನ ರೈಲ್ವೆ ಮುಖ್ಯಸ್ಥ ಬೀಚಿಂಗ್ ಅನ್ನುವವರು ವರದಿ ಕೊಟ್ಟರು. ಸುಮಾರು 8,000 ಕಿಲೋಮೀಟರ್ ರೈಲು ದಾರಿ, ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಿ, ನಷ್ಟ ತಡೆಯೋಕಾಗಲ್ಲ ಅಂತ. ಈ ಸಾಮರ್ಸೆಟ್–ಡಾರ್ಸೆಟ್ ಲೈನು ನಿಂತಿದ್ದು 1966ರಲ್ಲಿ. ಅಪ್ಪ ಎಲ್ಲ ಕೇಳಿಸಿಕೊಂಡು, "ಕಂಬಿ ಮಾರ್ಕೊಂಡ್ರು, ಜಾಗ ಬುಟ್ರು. ನಮ್ಮ ಕಡೆ ಆಗಿದ್ರೆ ಜಾಗ ಮೊದ್ಲು ಹೋಗದು" ಅಂದರು.

ಮೊದಲ ಸುರಂಗ ಚಿಕ್ಕದು, 400 ಮೀಟರ್ ಚಿಲ್ಲರೆ. ಎರಡನೆಯದು ಕೂಮ್ ಡೌನ್, 1,672 ಮೀಟರ್. 2013ರ ಏಪ್ರಿಲ್‌ನಲ್ಲಿ ಸೈಕಲ್ಲಿಗೆ ತೆರೆದರು. ಬಾಯಲ್ಲಿ ನಿಂತರೆ ಆ ಕಡೆಯ ಬೆಳಕೇ ಕಾಣಲ್ಲ. ಒಳಗಿನಿಂದ ತಣ್ಣನೆ ಗಾಳಿ, ಥೇಟ್ ಹಳೇ ಬಾವಿಗೆ ಬಗ್ಗಿದ ಹಾಗೆ.

ಅಪ್ಪ ಕಾಲೂರಿ ನಿಂತರು. "ಹುಲಿಕೆರೆ ಸುರಂಗ ಇದ್ದಂಗದೆ" ಅಂದರು.

ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಕೆಆರ್‌ಎಸ್‌ನಿಂದ ಬರುವಾಗ ಹುಲಿಕೆರೆಯಲ್ಲಿ ಗುಡ್ಡದೊಳಗೆ ನುಗ್ಗುತ್ತದಲ್ಲ, ಅದು. ಎರಡೂವರೆ ಕಿಲೋಮೀಟರಿಗೂ ಉದ್ದ. ಚಿಕ್ಕವಳಿದ್ದಾಗ ಅಪ್ಪ ತೋರಿಸಿದ್ದರು. ನೀರು ಒಂದೇ ಸಮನೆ ಕತ್ತಲೆಗೆ ಹೋಗುವುದನ್ನು ನೋಡಿ ನಾನು ಅವರ ಪಂಚೆ ಹಿಡಿದುಕೊಂಡಿದ್ದೆನಂತೆ. ನನಗೆ ನೆನಪಿಲ್ಲ, ಅಪ್ಪನಿಗಿದೆ. "ಅದ್ರೊಳಕ್ಕೆ ನೀರು ಹೋಗದ ನೋಡಿವ್ನಿ. ನಾನು ಹೋಯ್ತೀನಿ ಅಂತ ಅಂದ್ಕೊಂಡಿರ್ನಿಲ್ಲ."

ಒಳಗೆ ಸಾಲು ದೀಪ, ಕೆಳಗೆ ನುಣ್ಣನೆ ಡಾಂಬರು. ನಡುವೆ ಒಂದು ಕಡೆ ಗೋಡೆಯ ಗೂಡುಗಳಿಂದ ಸಂಗೀತ ಬರುವ ಹಾಗೆ ಮಾಡಿದ್ದಾರೆ. ನಾನು ಹೇಳಿರಲಿಲ್ಲ, ಬೇಕಂತಲೇ. "ಯಾರವ್ವ ಇಲ್ಲಿ ಪಿಟೀಲು ಕುಯ್ತಿರದು?" ಅಂತ ಅಪ್ಪನ ದನಿ ಸುರಂಗದ ತುಂಬ ಮೊಳಗಿತು. ಎದುರಿಗೆ ಬರುತ್ತಿದ್ದ ಅಜ್ಜಿಯೊಬ್ಬರು ಏನೂ ಅರ್ಥವಾಗದೆಯೂ ನಕ್ಕರು.

ಅಲ್ಲೇ ಸ್ವಲ್ಪ ಮುಂದೆ ನನ್ನ ಸೈಕಲ್ಲಿನ ಚೈನು ಕಳಚಿಕೊಂಡಿತು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದರು. "ಪೆಡ್ಲು ಹಿಂದಕ್ಕೆ ತಿರುಗ್ಸು" ಅಂದರು, ತಿರುಗಿಸಿದೆ, ಕೂತಿತು. ಕೈ ಮಸಿ ಒರೆಸಲು ಗೋಡೆಗೆ ಉಜ್ಜಿದರೆ ಕೈ ಇನ್ನೂ ಕಪ್ಪಾಯಿತು. "ಇದು ಉಗಿಬಂಡಿ ಹೊಗೆ!" ಅಂದರು.

ಆ ಹೊಗೆಯ ಕತೆ ನನಗೆ ಗೊತ್ತಿತ್ತು. ಈ ಸುರಂಗಕ್ಕೆ ಗಾಳಿ ಹೋಗುವ ಕಿಂಡಿಗಳನ್ನು ತೋಡಿರಲಿಲ್ಲ. 1929ರ ನವೆಂಬರಿನಲ್ಲಿ ಏರು ಹತ್ತುತ್ತಿದ್ದ ಗೂಡ್ಸ್ ರೈಲು ಇದರೊಳಗೆ ತೀರಾ ನಿಧಾನವಾಯಿತು. ಹೊಗೆ ತುಂಬಿ ಇಂಜಿನ್ನಿನಲ್ಲಿದ್ದವರು ಪ್ರಜ್ಞೆ ತಪ್ಪಿದರು. ರೈಲು ಮಾತ್ರ ತೆವಳುತ್ತಾ ಈಚೆ ಬಂತು, ಇಳಿಜಾರು ಸಿಕ್ಕಿದ್ದೇ ಓಡಿ ಬಾತ್‌ನ ಯಾರ್ಡಿಗೆ ನುಗ್ಗಿತು. ಡ್ರೈವರ್ ಸೇರಿ ಮೂವರು ಸತ್ತರು. ಕತ್ತಲೆಯಲ್ಲಿ ನಿಂತು ಇದನ್ನು ಹೇಳಬಾರದಿತ್ತೇನೋ. ಅಪ್ಪ ಏನೂ ಮಾತಾಡಲಿಲ್ಲ. ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡೇ ನಡೆದರು. ನಾನೂ ಇಳಿದು ನಡೆದೆ.

ಆಚೆ ಬಂದರೆ ಕಣ್ಣು ಕುಕ್ಕುವ ಹಸಿರು. ಮಿಡ್‌ಫರ್ಡ್ ದಾಟಿದ ಮೇಲೆ ಸ್ವಲ್ಪ ದೂರ ಕಾರುಗಳ ದಾರಿ, ಜೊತೆಗೊಂದು ದಿಣ್ಣೆ. ಅಷ್ಟು ದೂರವೂ ನನ್ನ ಹೆಗಲು ಕಿವಿಯ ಹತ್ತಿರವಿತ್ತು. ಅಪ್ಪ ಮಾತ್ರ ಮೈಸೂರು ರೋಡಿನಲ್ಲಿ ಕಬ್ಬಿನ ಲಾರಿಗಳ ನಡುವೆ ಹೋದ ಹಾಗೇ ಆರಾಮಾಗಿ ಹೋದರು.

ಡಂಡಾಸ್‌ನಲ್ಲಿ ನಾಲೆ ಸಿಕ್ಕಿತು. ಅದೂ ಹೇಗೆ, ಗಾಳಿಯಲ್ಲಿ! 1805ರಲ್ಲಿ ಜಾನ್ ರೆನ್ನಿ ಅನ್ನುವ ಇಂಜಿನಿಯರ್ ಬಾತ್ ಕಲ್ಲಿನಲ್ಲಿ ಕಟ್ಟಿದ ಮೇಲ್ಗಾಲುವೆ. ಕೆಳಗೆ ಏವನ್ ಹೊಳೆ, ಪಕ್ಕದಲ್ಲಿ ಈಗಲೂ ಓಡುವ ರೈಲು, ಮೇಲೆ ನಾಲೆ, ನಾಲೆಯಲ್ಲಿ ದೋಣಿ. ಅಪ್ಪ ಸೈಕಲ್ ಒರಗಿಸಿ ಕಲ್ಲುಗಳ ಸಂದಿಗೆಲ್ಲ ಬೆರಳು ಹಾಕಿ ನೋಡಿದರು. ಅವರ ಕಾಲದ ಒಂದು ಮೇಲ್ಗಾಲುವೆ ವರ್ಷಕ್ಕೊಂದು ಸಲ ಸೋರುತ್ತಿತ್ತಂತೆ. ಆಮೇಲೆ ನೀರಿಗೆ ಒಂದು ಹುಲ್ಲುಕಡ್ಡಿ ಹಾಕಿ ನೋಡುತ್ತಾ ನಿಂತರು. ಕಡ್ಡಿ ಇದ್ದಲ್ಲೇ ಇತ್ತು.

"ಹರಿಯದೇ ಇಲ್ವಲ್ಲ ಇದು! ಯಾವ ಗದ್ದೆಗೆ ಹೋಯ್ತದೆ?"

ಯಾವ ಗದ್ದೆಗೂ ಇಲ್ಲ, ಬರೀ ದೋಣಿ ಹೋಗೋಕೆ ಅಂದೆ. ರೈಲು ಬರುವ ಮೊದಲು ಕಲ್ಲಿದ್ದಲು, ಕಲ್ಲು ಎಲ್ಲ ಇದರಲ್ಲೇ ಸಾಗುತ್ತಿತ್ತು. ನಾವು ಸೈಕಲ್ ತುಳಿಯುವ ಈ ಏರಿ ಮೇಲೆ ಕುದುರೆಗಳು ಹಗ್ಗದಿಂದ ದೋಣಿ ಎಳೆಯುತ್ತಿದ್ದವು. ಲಂಡನ್‌ನಿಂದ ಬ್ರಿಸ್ಟಲ್‌ಗೆ ರೈಲು ಬಂದಿದ್ದು 1841ರಲ್ಲಿ, ಅಲ್ಲಿಂದ ನಾಲೆ ಸೊರಗಿತು. ಹೂಳು ತುಂಬಿ ಹಾಳಾಗಿದ್ದನ್ನು ಜನ ವರ್ಷಗಟ್ಟಲೆ ಕೆಸರು ಬಳಿದು ಸರಿಮಾಡಿದರು, 1990ರಲ್ಲಿ ರಾಣಿ ಬಂದು ಮತ್ತೆ ತೆರೆದರು. ಅಪ್ಪನಿಗೆ ಇದ್ಯಾವುದೂ ಸಮಾಧಾನ ಕೊಡಲಿಲ್ಲ. "ಇಷ್ಟ್ ನೀರು, ಸುಮ್ನೆ" ಅಂತ ಮೈಲಿಗೊಂದು ಸಲ ಅಂದುಕೊಳ್ಳುತ್ತಾ ಬಂದರು.

ದಡದುದ್ದಕ್ಕೂ ಉದ್ದುದ್ದ ದೋಣಿಮನೆಗಳು. ಅಗಲ ಎರಡು ಮೀಟರ್ ಚಿಲ್ಲರೆ ಅಷ್ಟೇ. ಮೇಲೆ ಸೌದೆ, ಹೂವಿನ ಕುಂಡ, ಸೈಕಲ್, ಬೆಕ್ಕು. ದೋಣಿ ಕಟ್ಟಿಹಾಕಲು ಸ್ವಂತ ಜಾಗ ಇಲ್ಲದವರು ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ಇರೋ ಹಾಗಿಲ್ಲ ಅಂತ ಹೇಳಿದೆ. "ನಮ್ಮ ಕಟ್ಟು ನೀರಿನ ಲೆಕ್ಕಾನೇ" ಅಂದರು. ಹದಿನೈದು ದಿನ ನೀರು ಬಿಟ್ಟು ಹದಿನೈದು ದಿನ ನಿಲ್ಲಿಸುವ ಕಾಲದಲ್ಲಿ ಜನರ ಬೈಗುಳ ತಿಂದ ಮನುಷ್ಯ ಅಲ್ವಾ.

ಕ್ಲಾವರ್ಟನ್ ಹತ್ತಿರ ಹಳೇ ಪಂಪ್‌ಹೌಸ್ ಇದೆ ಅಂತ ತಿಳಿದಾಗ ಮಾತ್ರ ನಿಜವಾಗಿ ಅರಳಿದರು. ಹೊಳೆಯ ನೀರೇ ದೊಡ್ಡ ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊಳೆಯ ನೀರನ್ನೇ 48 ಅಡಿ ಮೇಲಕ್ಕೆತ್ತಿ ನಾಲೆಗೆ ಹಾಕುತ್ತದೆ. 1813ರದ್ದು. ಕರೆಂಟೂ ಬೇಡ, ಡೀಸೆಲ್ಲೂ ಬೇಡ. ಅವತ್ತು ಬಾಗಿಲು ಹಾಕಿತ್ತು. "ಮೇಲಿಂದ ನೀರು ಯಾಕ್ ಬೇಕು ಇದ್ಕೆ, ಹರಿಯಲ್ಲ ಅಂದ್ಮೇಲೆ?" ಅಂತ ಕೇಳಿದರು. ನನಗೆ ವಿವರಿಸಲು ಬರಲಿಲ್ಲ. ಬಾತ್‌ನಲ್ಲಿ ತೋರಿಸ್ತೀನಿ ಅಂದೆ.

ಬಾತ್‌ನಲ್ಲಿ ನಾಲೆ ಆರು ಲಾಕ್‌ಗಳಲ್ಲಿ, ಅಂದರೆ ಹಿಂದೆ ಮುಂದೆ ಗೇಟಿರುವ ತೊಟ್ಟಿಗಳಲ್ಲಿ, ಮೆಟ್ಟಿಲಿಳಿದು ಹೊಳೆ ಸೇರುತ್ತದೆ. ಅದರಲ್ಲಿ ಕೆಳಗಿನದೊಂದು ಹತ್ತಿರ ಹತ್ತಿರ 6 ಮೀಟರ್ ಆಳ. ನಾವು ಮೇಲಿನ ಲಾಕ್ ತಲುಪಿದಾಗ ಗಂಡ ಹೆಂಡತಿ ಇಬ್ಬರೇ ಒಂದು ದೋಣಿ ಇಳಿಸುತ್ತಿದ್ದರು. ದೋಣಿ ಒಳಗೆ ಬಂತು, ಹಿಂದಿನ ಗೇಟು ಮುಚ್ಚಿತು. ಆಕೆ ಮುಂದಿನ ಗೇಟಿನ ಮೇಲೆ ಹಿಡಿಕೆ ಸಿಕ್ಕಿಸಿ ಕರ ಕರ ತಿರುಗಿಸತೊಡಗಿದರು. ನೀರು ಕೆಳಕ್ಕೆ ಧುಮುಕಿತು.

"ತೂಬು!" ಅಂದರು ಅಪ್ಪ.

ದೋಣಿ ಇಳಿದಷ್ಟು ನೀರೂ ಇಳಿದು ಹೋಗುತ್ತದೆ, ಅದಕ್ಕೇ ಮೇಲಿಂದ ತುಂಬಬೇಕು. ನಾನು ಹೇಳುವ ಮೊದಲೇ ಅವರಿಗೆ ತಿಳಿಯಿತು. ಆಕೆ ಗೇಟಿನ ಉದ್ದನೆ ತೊಲೆಗೆ ಬೆನ್ನು ಕೊಟ್ಟು ತಳ್ಳಲು ಹೋದಾಗ, ಅಪ್ಪ ಯಾರನ್ನೂ ಕೇಳದೆ ಇನ್ನೊಂದು ತೊಲೆಗೆ ಬೆನ್ನು ಕೊಟ್ಟಿದ್ದರು. ಕಾಲೂರಲು ನೆಲದಲ್ಲಿ ಇಟ್ಟಿಗೆಯ ಏಣುಗಳಿವೆ. ಹಿಮ್ಮಡಿ ಒತ್ತಿ ನಿಧಾನವಾಗಿ ತಳ್ಳಿದರು. ಗೇಟು ತೆರೆಯಿತು.

ಸೈಕಲ್ ಅಂಗಡಿ ಮುಚ್ಚಲು ಅರ್ಧ ಗಂಟೆ ಇತ್ತು. ಹೊರಡೋಣ ಅಪ್ಪ ಅಂದೆ. ಅಷ್ಟರಲ್ಲಿ ಆಕೆ ನಗುತ್ತಾ ಆ ಕಬ್ಬಿಣದ ಹಿಡಿಕೆಯನ್ನು ಅವರ ಕೈಗೆ ಕೊಟ್ಟಾಗಿತ್ತು.

"ಇನ್ನೂ ಐದು ಅವೆ ಅಂದ್ಯಲ್ಲ?" ಅಂದ ಅಪ್ಪ, ಹಿಡಿಕೆಯನ್ನು ಹೆಗಲ ಮೇಲಿಟ್ಟುಕೊಂಡು ಮುಂದಿನ ಲಾಕಿನ ಕಡೆ ಹೊರಟೇಬಿಟ್ಟರು. ನಾನು ಎರಡೂ ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ.