ಮುಗಿದ ಇವೆಂಟಿನ ಪ್ರಶ್ನೆ ಅಳಿಸ್ಬೇಡಿ, ತಾರೀಖು ಹಾಕಿ

ಮೊನ್ನೆ ಭಾನುವಾರ ಕಬ್ಬನ್ ಪಾರ್ಕಲ್ಲಿ ಪೋಕೆಮಾನ್ ಗೋ ಆಡ್ತಿದ್ವಿ, ಗ್ರೂಪಿಗೆ ಹೊಸದಾಗಿ ಸೇರಿರೋ ಹುಡುಗ ಒಬ್ಬ ಬಂದು ಫೋನ್ ತೋರಿಸಿ "ಅಕ್ಕಾ, ನಿಮ್ ಡಾಕ್ ನೋಡ್ಕೊಂಡೇ ಇವಾಲ್ವ್ ಮಾಡ್ದೆ, ಡ್ರಾಕೊ ಮೀಟಿಯರ್ ಬರ್ಲೇ ಇಲ್ಲ" ಅಂದ. ಡಾಕ್ ಅಂದ್ರೆ ಗ್ರೂಪಿನೋರು ಕೇಳೋ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟಿರೋ ನಮ್ ಡಾಕ್ಯುಮೆಂಟು, ಇವಾಲ್ವ್ ಅಂದ್ರೆ ಪೋಕೆಮಾನನ್ನ ಅದರ ಮುಂದಿನ ರೂಪಕ್ಕೆ ಬೆಳೆಸೋದು, ಡ್ರಾಕೊ ಮೀಟಿಯರ್ ಒಂದು ಮೂವ್, ಅಂದ್ರೆ ದಾಳಿ. ಡ್ರ್ಯಾಗನೈಟ್ ಏನೋ ಆಗಿದೆ, ಮೂವ್ ಮಾತ್ರ ಹರಿಕೇನ್. ಇವಾಲ್ವ್ ಮಾಡೋಕೆ ಕ್ಯಾಂಡಿ ಕೂಡಿಸ್ಬೇಕು, ಡ್ರಟಿನಿ ಅನ್ನೋ ಪೋಕೆಮಾನಿಂದ ಡ್ರ್ಯಾಗನೇರ್‌ಗೆ 25 ಕ್ಯಾಂಡಿ, ಅಲ್ಲಿಂದ ಡ್ರ್ಯಾಗನೈಟ್‌ಗೆ 100, ಪಾಪ ಎಷ್ಟು ದಿನದಿಂದ ಕೂಡಿಟ್ಟಿದ್ನೋ.

ಮನೆಗ್ ಬಂದು ಡಾಕ್ ತೆಗೆದು ನೋಡಿದ್ರೆ "ಈಗ್ಲೇ ಇವಾಲ್ವ್ ಮಾಡಿ, ಸಿಗುತ್ತೆ" ಅಂತಿದೆ. ಬರೆದಿದ್ದು ನಾನೇ, 2018ರ ಫೆಬ್ರವರಿ 24ಕ್ಕೆ, ಅವತ್ತು ಡ್ರಟಿನಿ ಕಮ್ಯುನಿಟಿ ಡೇ (ಆ ಹೊತ್ತಲ್ಲಿ ಇವಾಲ್ವ್ ಮಾಡಿದ್ರೆ ವಿಶೇಷ ಮೂವ್ ಸಿಗೋ ಇವೆಂಟ್), ಇವೆಂಟ್ ನಡೆದ ಆ ಮೂರು ಗಂಟೆ ಅದು ನೂರಕ್ಕೆ ನೂರು ನಿಜ. ಆ "ಈಗ್ಲೇ" ಅನ್ನೋ ಒಂದು ಪದದಿಂದ ಆಗಿದ್ದು ಇದು.

ವಿಷಯ ಗ್ರೂಪಲ್ಲಿ ಹೇಳಿದ ತಕ್ಷಣ ಇಬ್ರು ಮೂವರು ಹಳೇ ಇವೆಂಟಿನ ಪ್ರಶ್ನೆ ಎಲ್ಲಾ ಡಿಲೀಟ್ ಮಾಡ್ಬಿಡೋಣ ಅಂದ್ರು. ನಂಗೆ ಅದು ಒಂಚೂರೂ ಸರಿ ಅನ್ಸಿಲ್ಲ, ಯಾಕಂದ್ರೆ ಇದೇ ಡ್ರಾಕೊ ಮೀಟಿಯರ್ ಕಥೆ ನೋಡಿ, ಫೆಬ್ರವರಿಯಲ್ಲಿ ಇವೆಂಟ್ ಮುಗಿದ್ಮೇಲೆ "ಇನ್ನು ಸಿಗಲ್ಲ" ಅನ್ನೋದೇ ಉತ್ತರ ಆಗಿತ್ತು, ಅದೇ ವರ್ಷ ಡಿಸೆಂಬರ್ ಶುರುವಲ್ಲಿ ಆ ವರ್ಷದ ಕಮ್ಯುನಿಟಿ ಡೇ ಮೂವ್‌ಗಳನ್ನೆಲ್ಲ ವಾಪಸ್ ಕೊಟ್ರು, ಆಮೇಲೆ 2020ರಲ್ಲಿ ಬೇಕಾದ ಮೂವ್ ಆರಿಸಿ ಹಾಕೋ ಎಲೈಟ್ ಟಿಎಂ ಅನ್ನೋ ಐಟಂ ಬಂತು, ಅದಿದ್ರೆ ಯಾವತ್ತು ಬೇಕಾದ್ರೂ ಹಾಕ್ಕೋಬಹುದು. ಪ್ರಶ್ನೆ ಒಂದೇ, ಉತ್ತರ ಮಾತ್ರ ಕಾಲಕ್ಕೆ ತಕ್ಕಂಗೆ ಬದಲಾಗ್ತಾ ಬಂತು. 2018ರಲ್ಲೇ ಮುಗಿದೋಯ್ತು ಅಂತ ಅಳಿಸಿದ್ರೆ ಅದ್ರ ಕೆಳಗೆ ಹೊಸ ಉತ್ತರ ಸೇರಿಸೋಕೆ ಜಾಗನೇ ಇರ್ತಿರ್ಲಿಲ್ಲ. ಹ್ಯಾಲೋವೀನ್ ಇವೆಂಟೂ ಅಷ್ಟೇ, 2016ರಿಂದ ಪ್ರತಿ ಅಕ್ಟೋಬರ್ ಬರುತ್ತೆ, ಒಂದೊಂದ್ ವರ್ಷ ಒಂದೊಂದು ಬೋನಸ್, ವರ್ಷ ಹಾಕ್ದೆ ಬರೆದ್ರೆ ಓದೋರಿಗೆ ಯಾವ್ದು ಅಂತ ಗೊತ್ತಾಗೋದು ಹೇಗೆ?

ಇನ್ನು ಯಾವತ್ತೂ ವಾಪಸ್ ಬರದೇ ಇರೋ ಇವೆಂಟಿನ ಪ್ರಶ್ನೆನೂ ಇಟ್ಕೊಬೇಕು ಅಂತೀನಿ ನಾನು. 2019ರ ಅಕ್ಟೋಬರ್ 13ಕ್ಕೆ ಫೋರ್ಟ್‌ನೈಟ್ ಅನ್ನೋ ಇನ್ನೊಂದು ಗೇಮಿನ ಮ್ಯಾಪ್ ಪೂರ್ತಿ ಬ್ಲಾಕ್ ಹೋಲ್ ಒಳಗೆ ಹೋಗಿ ಒಂದೂವರೆ ದಿನಕ್ಕೂ ಜಾಸ್ತಿ ಯಾರೂ ಆಡೋಕೇ ಆಗ್ಲಿಲ್ಲ, ಆಗ "ನನ್ ಗೇಮ್ ಹಾಳಾಗಿದ್ಯಾ, ಬರೀ ಕಪ್ಪು ಸ್ಕ್ರೀನ್ ಕಾಣ್ತಿದೆ" ಅಂತ ಕೇಳಿದೋರ ಪ್ರಶ್ನೆಯಿಂದ ಇವತ್ತು ಆಡೋರಿಗೆ ಏನೂ ಉಪಯೋಗ ಇಲ್ಲ, ಆದ್ರೆ ಆ ದಿನ ಆಡೋರಿಗೆ ಎಷ್ಟು ಗಾಬರಿ ಆಗಿತ್ತು ಅನ್ನೋದು ಉಳ್ಕೊಂಡಿರೋದು ಅಂಥ ಪ್ರಶ್ನೆಗಳಲ್ಲೇ. ಎಕ್ಸ್‌ಪೈರ್ ಆದ ಪ್ರೋಮೋ ಕೋಡು, "ನಮ್ಮೂರಲ್ಲಿ ಎಷ್ಟೊತ್ತಿಗೆ ಶುರು" ಅನ್ನೋ ತರದ್ದು ಹೋದ್ರೆ ಹೋಗ್ಲಿ, ಅದಕ್ಕೆ ನಂದೇನು ತಕರಾರಿಲ್ಲ.

ಹಂಗಾಗಿ ಅವತ್ತು ರಾತ್ರಿನೇ ಕೂತು ಶುರು ಮಾಡ್ದೆ. ಪ್ರಶ್ನೆ ಪಕ್ಕದಲ್ಲೇ ಇವೆಂಟಿನ ಹೆಸರು, ತಾರೀಖು. ಹಳೇ ಉತ್ತರ ಹಂಗೇ ಇರುತ್ತೆ, ಮೇಲೊಂದು ಸಾಲಲ್ಲಿ ಇದು ಇಂಥಾ ದಿನಕ್ಕೆ ಮಾತ್ರ ಅಂತ ಹಾಕಿ, ಇವತ್ತಿಗೆ ದಾರಿ ಏನು ಅಂತ ಇನ್ನೊಂದು ಸಾಲು. ಬರೀ "ಇವೆಂಟ್ ಮುಗಿದಿದೆ" ಅಂತ ಬರೆದು ಬಿಟ್ರೆ ಕೇಳ್ದೋನು ಅಲ್ಲೇ ನಿಂತ್ಕೋತಾನೆ, ಅವ್ನಿಗೆ ಬೇಕಿರೋದು ಮುಂದೇನು ಅನ್ನೋದು. "ಈಗ", "ಈ ವಾರ", "ನಾಳೆ" ಅನ್ನೋದೆಲ್ಲ ಹುಡುಕಿ ಹುಡುಕಿ ತೆಗೀತಿದೀನಿ.

ಹುಡುಗನಿಗೆ ಮೆಸೇಜ್ ಮಾಡಿ ಸಾರಿ ಕೇಳ್ದೆ, ಆ ಡ್ರ್ಯಾಗನೈಟ್ ಟ್ರಾನ್ಸ್‌ಫರ್ ಮಾಡಿ ಕಳ್ಕೋಬೇಡ, ಎಲೈಟ್ ಚಾರ್ಜ್ಡ್ ಟಿಎಂ ಸಿಕ್ಕಾಗ ಅದಕ್ಕೇ ಹಾಕು ಅಂದೆ. "ಸರಿ ಅಕ್ಕಾ, ಹಂಗಾದ್ರೆ ಟೈರಾನಿಟಾರ್‌ಗೆ ಸ್ಮ್ಯಾಕ್ ಡೌನ್‌ಗೂ ಅದೇನಾ?" ಅಂತ ಕೇಳ್ದ. ಅಲ್ಲ, ಡ್ರಾಕೊ ಮೀಟಿಯರ್ ಚಾರ್ಜ್ಡ್ ಮೂವ್, ಸ್ಮ್ಯಾಕ್ ಡೌನ್ ಫಾಸ್ಟ್ ಮೂವ್, ಅದಕ್ಕೆ ಎಲೈಟ್ ಫಾಸ್ಟ್ ಟಿಎಂ ಬೇಕು. ಡಾಕಲ್ಲಿ ಅದೂ ಇನ್ನೂ "ಈಗ್ಲೇ ಇವಾಲ್ವ್ ಮಾಡಿ" ಅಂತಾನೇ ಇತ್ತು, ತಿದ್ದಿ ಅವ್ನಿಗೆ ಲಿಂಕ್ ಕಳ್ಸಿದೆ.