ಆಫೀಸ್ ಲೈಬ್ರರಿ ಆಗ್ಲೇ ದುಡ್ಡು ಕಟ್ಟಿರೋ ಪೇಪರ್‌ಗಳು

ಏನೋ ಹುಡುಕ್ತಾ ಇದ್ದಾಗ ಒಂದೊಳ್ಳೆ ಸಂಶೋಧನಾ ಪೇಪರ್ ಸಿಗುತ್ತೆ, ಕ್ಲಿಕ್ ಮಾಡಿದ್ರೆ ಬರೀ ಅಬ್‌ಸ್ಟ್ರಾಕ್ಟ್, ಅಂದ್ರೆ ಸಾರಾಂಶ, ಕಾಣುತ್ತೆ, ಪೂರ್ತಿ ಓದ್ಬೇಕಾದ್ರೆ ಇಷ್ಟು ದುಡ್ಡು ಕಟ್ಟಿ ಅಂತ ಕೆಳಗಡೆ ಇರುತ್ತೆ, ಅಲ್ಲಿಗೆ ಟ್ಯಾಬ್ ಕ್ಲೋಸ್ ಮಾಡಿ ಅಬ್‌ಸ್ಟ್ರಾಕ್ಟ್ ಮೇಲೇ ರಿಪೋರ್ಟ್ ಬರೆದು ಕೊಟ್ಬಿಡ್ತಾರೆ. ಆಸ್ಪತ್ರೆ, ರಿಸರ್ಚ್ ಸೆಂಟರ್, ಇಂಜಿನಿಯರಿಂಗ್ ಕಂಪನಿ, ಎಲ್ಲೆಲ್ಲಿ ಲೈಬ್ರರಿ ಇದ್ಯೋ ಅಲ್ಲೆಲ್ಲಾ ಹಿಂಗೆ ಮಾಡೋರು ಇದ್ದೇ ಇರ್ತಾರೆ. ನಂಗೆ ಇದನ್ನ ನೋಡಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಎಷ್ಟೋ ಸಲ ಆ ಪೇಪರ್ ಬಂದಿರೋ ಜರ್ನಲ್‌ಗೆ (ಸಂಶೋಧನಾ ಪತ್ರಿಕೆಗೆ) ಅವರ ಲೈಬ್ರರಿ ಆಗ್ಲೇ ವರ್ಷದ ಚಂದಾ ಕಟ್ಟಿರುತ್ತೆ. ದುಡ್ಡು ಕೇಳೋ ಪೇಜು ಹೊರಗಿನವರಿಗೆ. ನೀವು ಒಳಗಿನವರು ಅಂತ ಆ ಸೈಟಿಗೆ ಗೊತ್ತಾಗಿಲ್ಲ, ಅಷ್ಟೇ.

ಗೊತ್ತಾಗೋದು ಹೆಂಗೆ ಅಂದ್ರೆ, ಚಂದಾ ಮಾಡಿಸೋವಾಗ ಲೈಬ್ರರಿಯವರು ಆಫೀಸ್ ನೆಟ್‌ವರ್ಕಿನ ಐಪಿ ನಂಬರ್‌ಗಳನ್ನ (ಇಂಟರ್ನೆಟ್ಟಲ್ಲಿ ಆ ನೆಟ್‌ವರ್ಕನ್ನ ಗುರುತಿಸೋ ನಂಬರ್) ಪಬ್ಲಿಷರ್‌ಗೆ ಕೊಟ್ಟಿರ್ತಾರೆ, ಆ ನಂಬರಿಂದ ಯಾರು ಬಂದ್ರೂ ಪೂರ್ತಿ ಪೇಪರ್ ತಾನಾಗೇ ತೆರ್ಕೊಳ್ಳುತ್ತೆ. ಮನೆಯಲ್ಲಿ ಕೂತು ನೋಡಿದ್ರೆ, ಅಥವಾ ಆಫೀಸಲ್ಲೇ ಇದ್ರೂ ಮೊಬೈಲ್ ಡೇಟಾದಲ್ಲಿ ನೋಡಿದ್ರೆ, ಐಪಿ ಬೇರೆ ಆಗೋಗುತ್ತೆ. ಅದಕ್ಕೇ ಪ್ರಾಕ್ಸಿ ಬಂದಿದ್ದು. ಕ್ರಿಸ್ ಜಗಾರ್ ಅನ್ನೋ ಲೈಬ್ರೇರಿಯನ್ 1999ರಲ್ಲಿ ಈಝೀಪ್ರಾಕ್ಸಿ ಅಂತ ಒಂದು ಸಾಫ್ಟ್‌ವೇರ್ ಬರೆದ್ರು, ಇವತ್ತಿಗೂ ಎಷ್ಟೋ ಲೈಬ್ರರಿಗಳು ಅದನ್ನೇ ಬಳಸ್ತಾವೆ. ನೀವು ಲೈಬ್ರರಿ ಪೇಜಿಂದ ಲಾಗಿನ್ ಆದ್ರೆ ಅದು ನಿಮ್ಮ ಪರವಾಗಿ ಆಫೀಸ್ ಐಪಿಯಿಂದ ಹೋಗಿ ಪೇಪರ್ ತಂದು ಕೊಡುತ್ತೆ. ಕೆಲವು ಕಡೆ ಇದರ ಬದಲು ವಿಪಿಎನ್ ಇರುತ್ತೆ (ಹೊರಗಿಂದ್ಲೇ ಆಫೀಸ್ ನೆಟ್‌ವರ್ಕಿಗೆ ಸೇರಿಸೋ ಸಂಪರ್ಕ), ಇನ್ನು ಕೆಲವು ಕಡೆ ಓಪನ್‌ಅಥೆನ್ಸ್ ಅಥವಾ ಶಿಬ್ಬೊಲೆತ್, ಅಂದ್ರೆ ಪಬ್ಲಿಷರ್ ಸೈಟಲ್ಲೇ ಸಂಸ್ಥೆಯ ಮೂಲಕ ಲಾಗಿನ್ ಅನ್ನೋದನ್ನ ಒತ್ತಿ ನಿಮ್ಮ ಆಫೀಸ್ ಹೆಸರು ಆರಿಸ್ಕೊಳ್ಳೋದು. ನಿಮ್ಮಲ್ಲಿ ಇದ್ರಲ್ಲಿ ಯಾವುದು ಅಂತ ಮೊದಲು ಕೇಳಿ ತಿಳ್ಕೊಳ್ಳಿ, ಮುಂದಿನದೆಲ್ಲಾ ಅದರ ಮೇಲೇ ನಿಂತಿರೋದು.

ಪೇಪರ್ ಹುಡುಕೋಕೆ ಗೂಗಲ್‌ನವರೇ ಮಾಡಿರೋ ಗೂಗಲ್ ಸ್ಕಾಲರ್ ಬಿಟ್ಬಿಡಿ ಅಂತ ನಾನು ಹೇಳಲ್ಲ, ನಾನೂ ಬಹಳ ಸಲ ಅಲ್ಲಿಂದ್ಲೇ ಶುರು ಮಾಡೋದು. ಆದ್ರೆ ಅದರ ಸೆಟ್ಟಿಂಗ್ಸಲ್ಲಿ ಲೈಬ್ರರಿ ಲಿಂಕ್ಸ್ ಅಂತ ಒಂದಿದೆ, ಅಲ್ಲಿ ನಿಮ್ಮ ಸಂಸ್ಥೆ ಹೆಸರು ಹುಡುಕಿ ಟಿಕ್ ಮಾಡಿ ಇಟ್ಕೊಂಡ್ರೆ ರಿಸಲ್ಟ್ ಪಕ್ಕದಲ್ಲೇ ನಿಮ್ಮ ಲೈಬ್ರರಿಯ ಲಿಂಕ್ ಬರೋಕೆ ಶುರುವಾಗುತ್ತೆ (ಹೆಸರು ಇಲ್ಲ ಅಂದ್ರೆ ಲೈಬ್ರರಿಯವರು ಇನ್ನೂ ಸ್ಕಾಲರ್‌ಗೆ ತಮ್ಮ ಪಟ್ಟಿ ಕೊಟ್ಟಿಲ್ಲ ಅಂತ, ಅವರಿಗೇ ಹೇಳಿ). ಇನ್ನೊಂದು, ಸಹೋದ್ಯೋಗಿಗಳಿಗೆ ಪೇಪರ್ ಕಳಿಸೋವಾಗ ಬ್ರೌಸರ್ ಮೇಲ್ಗಡೆ ಇರೋ ಉದ್ದ ಅಡ್ರೆಸ್ ಕಾಪಿ ಮಾಡಿ ಕಳಿಸ್ಬೇಡಿ, ಅದರಲ್ಲಿ ನಿಮ್ಮ ಸೆಷನ್‌ದು ಏನೇನೋ ಸೇರ್ಕೊಂಡಿರುತ್ತೆ, ಮಾರನೇ ದಿನ ತೆಗೆದ್ರೆ ಬರಲ್ಲ. ಡಿಒಐ, ಅಂದ್ರೆ ಆ ಪೇಪರ್‌ಗೆ ಕೊಟ್ಟಿರೋ ಖಾಯಂ ಗುರುತಿನ ನಂಬರ್, ಅದನ್ನ ಕಳಿಸಿ. ಡಿಒಐ ನೋಂದಾಯಿಸೋ ಕ್ರಾಸ್‌ರೆಫ್ ಅನ್ನೋ ಸಂಸ್ಥೆ 2000ದಲ್ಲಿ ಶುರುವಾಗಿದ್ದೇ ಇದಕ್ಕೆ, ಪಬ್ಲಿಷರ್ ಸೈಟ್ ಬದಲಾಯಿಸಿದ್ರೂ ಜರ್ನಲ್ ಇನ್ನೊಬ್ಬರಿಗೆ ಮಾರಾಟ ಆದ್ರೂ ಡಿಒಐ ಅದೇ ಇರುತ್ತೆ, ಅದು ಎಲ್ಲಿಗೆ ತೋರಿಸುತ್ತೆ ಅನ್ನೋದನ್ನ ಮಾತ್ರ ಅವರು ತಿದ್ದಿಡ್ತಾರೆ.

ಲಾಗಿನ್ ಎಲ್ಲಾ ಸರಿ ಇದೆ, ಆದ್ರೂ ಪೇಪರ್ ತೆರೀತಿಲ್ಲ ಅಂದ್ರೆ ಅಲ್ಲಿಗೇ ಕೈಬಿಡ್ಬೇಡಿ. ಒಂದೇ ಜರ್ನಲ್ ಎರಡು ಮೂರು ಕಡೆ ಇರ್ಬಹುದು. ಪಬ್ಲಿಷರ್ ಸೈಟಲ್ಲಿ ಇತ್ತೀಚಿನ ವರ್ಷಗಳಿಗೆ ಮಾತ್ರ ಚಂದಾ ಇರುತ್ತೆ, ಹಳೇ ಸಂಚಿಕೆಗಳು ಜೇಸ್ಟೋರ್ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಇರ್ತಾವೆ, ಅಲ್ಲಿ ಎಷ್ಟೋ ಜರ್ನಲ್‌ಗಳ ಹೊಸ ವರ್ಷಗಳು ಇರಲ್ಲ, ಮೂವಿಂಗ್ ವಾಲ್ ಅಂತಾರೆ, ವರ್ಷ ಕಳೆದ ಹಾಗೆ ಆ ಗೆರೆಯೂ ಮುಂದಕ್ಕೆ ಸರೀತಾ ಹೋಗುತ್ತೆ. ಹಲವು ಪಬ್ಲಿಷರ್‌ಗಳ ಜರ್ನಲ್ ಒಟ್ಟಿಗೆ ಹಾಕಿರೋ ಡೇಟಾಬೇಸ್‌ಗಳಲ್ಲಿ ಎಂಬಾರ್ಗೋ ಇರುತ್ತೆ, ಅಂದ್ರೆ ಸಂಚಿಕೆ ಹೊರಬಂದು ಆರು ತಿಂಗಳೋ ಒಂದು ವರ್ಷವೋ ಆದ್ಮೇಲೆ ಪೂರ್ತಿ ಪೇಪರ್ ಸಿಗೋದು. ಹಾಗಾಗಿ ಲೈಬ್ರರಿ ಪೇಜಲ್ಲಿರೋ ಎ ಟು ಝೆಡ್ ಜರ್ನಲ್ ಪಟ್ಟಿಗೆ ಹೋಗಿ ಹೆಸರು ಹಾಕಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿ ಸಿಗುತ್ತೆ ಅಂತ ಅಲ್ಲೇ ಬರ್ದಿರುತ್ತೆ. ಎಲ್ಲೂ ಇಲ್ಲ ಅಂದ್ರೆ ಅನ್‌ಪೇವಾಲ್ ಅನ್ನೋ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ, ಲೇಖಕರು ಕಾನೂನು ಪ್ರಕಾರವೇ ಎಲ್ಲಾದ್ರೂ ಫ್ರೀಯಾಗಿ ಇಟ್ಟಿದ್ರೆ ಅದು ತೋರಿಸುತ್ತೆ. ಅದೂ ಆಗ್ಲಿಲ್ವಾ, ಲೈಬ್ರೇರಿಯನ್‌ಗೆ ಡಿಒಐ ಕೊಟ್ಟು ಬೇರೆ ಲೈಬ್ರರಿಯಿಂದ ತರಿಸಿ ಕೊಡೋಕೆ ಆಗುತ್ತಾ ಅಂತ ಕೇಳಿ. ಇದು ಅವರ ಕೆಲಸವೇ, ಸಂಕೋಚ ಪಡೋ ಅಗತ್ಯ ಇಲ್ಲ.

ಈಗ ಹುಡುಕೋ ವಿಷಯ. ಜನರಿಗೆ ಲೈಬ್ರರಿ ಡೇಟಾಬೇಸ್ ಬೇಡ ಅನ್ಸೋದೇ ಇಲ್ಲಿ ಅಂತ ನಂಗನ್ಸುತ್ತೆ, ಯಾಕಂದ್ರೆ ಇಡೀ ಪ್ರಶ್ನೆ ಟೈಪ್ ಮಾಡಿದ್ರೆ ಕೆಲವು ಡೇಟಾಬೇಸ್ ಏನೂ ಕೊಡಲ್ಲ. ಪ್ರಶ್ನೆಯನ್ನ ಬಿಡಿಸಿ, ಮುಖ್ಯವಾದ ಎರಡು ಮೂರು ವಿಷಯ ಮಾತ್ರ ಇಟ್ಕೊಂಡು, ಒಂದೊಂದಕ್ಕೂ ಇರೋ ಬೇರೆ ಬೇರೆ ಹೆಸರುಗಳನ್ನ ಆರ್ (OR) ಹಾಕಿ ಒಂದು ಬ್ರ್ಯಾಕೆಟ್ ಒಳಗೆ ಸೇರಿಸಿ, ಆಮೇಲೆ ಆ ಬ್ರ್ಯಾಕೆಟ್‌ಗಳನ್ನ ಆಂಡ್ (AND) ಹಾಕಿ ಜೋಡಿಸಿ. ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಪಬ್‌ಮೆಡ್‌ನಲ್ಲಾದ್ರೆ ಈ ಆಂಡ್, ಆರ್ ದೊಡ್ಡ ಅಕ್ಷರದಲ್ಲೇ ಹಾಕಿ. ಅಲ್ಲಿ ಇನ್ನೊಂದು ದೊಡ್ಡ ಅನುಕೂಲ ಮೆಶ್, 1960ರಿಂದ ಇರೋ ವಿಷಯಪದಗಳ ಪಟ್ಟಿ. ಒಬ್ಬರು ಹಾರ್ಟ್ ಅಟ್ಯಾಕ್ ಅಂತ ಬರೀತಾರೆ, ಇನ್ನೊಬ್ಬರು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅಂತಾರೆ, ಎರಡಕ್ಕೂ ಒಂದೇ ಮೆಶ್ ಪದ ಹಾಕಿರ್ತಾರೆ, ಅದನ್ನ ಹಿಡ್ಕೊಂಡು ಹುಡುಕಿದ್ರೆ ಎರಡೂ ಸಿಗುತ್ತೆ. ಆದ್ರೆ ಪಬ್‌ಮೆಡ್‌ನಲ್ಲಿರೋ ಎಲ್ಲಾ ಪೇಪರ್‌ಗೂ ಮೆಶ್ ಪದ ಇರಲ್ಲ, ಅದಕ್ಕೇ ಮಾಮೂಲಿ ಪದಗಳನ್ನೂ ಜೊತೆಗೆ ಹಾಕ್ಬೇಕು.

ನನಗೆ ಇವೆಲ್ಲದಕ್ಕಿಂತ ಇಷ್ಟ ಸೈಟೇಷನ್, ಅಂದ್ರೆ ಒಂದು ಪೇಪರ್ ಇನ್ನೊಂದನ್ನ ಉಲ್ಲೇಖಿಸೋದನ್ನ, ಹಿಡ್ಕೊಂಡು ಹೋಗೋದು. ಪೇಪರ್ ಕೊನೇಲಿರೋ ರೆಫರೆನ್ಸ್ ನೋಡಿದ್ರೆ ಹಿಂದಕ್ಕೆ ಮಾತ್ರ ಹೋಗ್ಬಹುದು. ಆ ಪೇಪರನ್ನ ಆಮೇಲೆ ಯಾರ್ಯಾರು ಉಲ್ಲೇಖಿಸಿದ್ದಾರೆ ಅಂತ ಮುಂದಕ್ಕೂ ನೋಡೋ ದಾರಿಯನ್ನ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಅಂತ ಪ್ರಿಂಟ್ ಸಂಪುಟಗಳಲ್ಲಿ ತಂದ್ರು, ಇವತ್ತಿನ ವೆಬ್ ಆಫ್ ಸೈನ್ಸ್ ಅದರಿಂದ್ಲೇ ಬೆಳೆದಿದ್ದು, ಅದೇ ತರದ ಇನ್ನೊಂದು ಡೇಟಾಬೇಸ್ ಸ್ಕೋಪಸ್ 2004ರಲ್ಲಿ ಬಂತು. ಒಂದು ಹಳೇ ವಿಧಾನ ಈಗ್ಲೂ ನಡೀತಾ ಇದ್ಯಾ, ಯಾರಾದ್ರೂ ತಪ್ಪು ಅಂತ ತೋರಿಸಿದ್ದಾರಾ, ಸುಧಾರಿಸಿದ್ದಾರಾ, ಇದೆಲ್ಲಾ ಆ ಪಟ್ಟಿಯಲ್ಲೇ ಕಾಣುತ್ತೆ. ಕೆಲಸದಲ್ಲಿ ಒಂದು ತೀರ್ಮಾನ ತಗೋಬೇಕಾದಾಗ ಇದು ನೋಡದೇ ಮುಂದೆ ಹೋಗಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಂಪ್ಯೂಟರಲ್ಲಿ ಪಿಡಿಎಫ್ ಕೂಡಿಟ್ಟು ಅದನ್ನೇ ನಂಬ್ಕೊಂಡಿರೋದು ಸರಿಯಲ್ಲ ಅಂತ ಹೇಳೋದೂ ಇದಕ್ಕೇ. ಎಂಎಂಆರ್ ಲಸಿಕೆಗೂ (ದಡಾರ, ಮಂಗನಬಾವು, ರುಬೆಲ್ಲಾಗೆ ಹಾಕೋದು) ಆಟಿಸಂಗೂ ಸಂಬಂಧ ಇದೆ ಅನ್ನೋ ಹಾಗೆ ಬಂದ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನ 1998ರ ಪೇಪರನ್ನ ಜರ್ನಲ್‌ನವರು ಪೂರ್ತಿ ಹಿಂತೆಗೆದುಕೊಂಡಿದ್ದು 2010ರಲ್ಲಿ. ಅದಕ್ಕೂ ಮುಂಚೆ ಸೇವ್ ಮಾಡಿಟ್ಟ ಕಾಪಿಯಲ್ಲಿ ಆ ಮಾತು ಎಲ್ಲಿಂದ ಬರ್ಬೇಕು? ಜರ್ನಲ್ ಪೇಜಲ್ಲಿ ಈಗ ದೊಡ್ಡದಾಗಿ ಕಾಣುತ್ತೆ. ಹಾಗಾಗಿ ಬರೆಯೋಕೆ ಮುಂಚೆ ಡಿಒಐ ಒತ್ತಿ ಮೂಲ ಪೇಜನ್ನ ಇನ್ನೊಂದ್ಸಲ ನೋಡೋದು, ಪೇಪರ್ ತಿದ್ದಿದ್ದಾರಾ, ಹಿಂತೆಗೆದಿದ್ದಾರಾ ಅಂತ ತೋರಿಸೋ ಕ್ರಾಸ್‌ಮಾರ್ಕ್ ಬಟನ್ ಇದ್ರೆ ಒತ್ತೋದು ಒಳ್ಳೇದು.

ಒಂದು ಎಚ್ಚರಿಕೆ. ಇಡೀ ಸಂಚಿಕೆಗಳನ್ನ ಸ್ಕ್ರಿಪ್ಟ್ ಬರೆದು ಡೌನ್‌ಲೋಡ್ ಮಾಡೋದು, ಪಾಸ್‌ವರ್ಡ್ ಸ್ನೇಹಿತರಿಗೆ ಕೊಡೋದು ಲೈಸೆನ್ಸ್‌ಗೆ ವಿರುದ್ಧ, ಪಬ್ಲಿಷರ್ ಆ ಐಪಿಯನ್ನೇ ಬ್ಲಾಕ್ ಮಾಡಿದ್ರೆ ಇಡೀ ಆಫೀಸಿಗೆ ನಿಂತೋಗುತ್ತೆ.

ಮತ್ತೆ ಬಹಳ ಜನರಿಗೆ ಗೊತ್ತಿಲ್ಲದ ವಿಷಯ, ನೀವು ತೆಗೆಯೋ ಪ್ರತಿ ಪೇಪರ್ ಲೆಕ್ಕಕ್ಕೆ ಹೋಗುತ್ತೆ. ಕೌಂಟರ್ ಅಂತ ಒಂದು ನಿಯಮಾವಳಿ ಇದೆ, 2003ರಲ್ಲಿ ಮೊದಲನೇದು ಬಂತು, ಯಾವ ಜರ್ನಲ್ ಎಷ್ಟು ಸಲ ಓದಿದ್ರು ಅಂತ ಎಲ್ಲಾ ಪಬ್ಲಿಷರ್‌ಗಳೂ ಒಂದೇ ರೀತಿ ಎಣಿಸಿ ಲೈಬ್ರರಿಗೆ ಕೊಡೋಕೆ ಅಂತ ಮಾಡಿದ್ದು. ಚಂದಾ ಮೊತ್ತವನ್ನ ಆ ಸಂಖ್ಯೆಯಿಂದ ಭಾಗಿಸಿ ಒಂದು ಓದಿಗೆ ಎಷ್ಟು ಬಿತ್ತು ಅಂತ ಲೈಬ್ರರಿಯವರು ನೋಡ್ತಾರೆ, ಬಜೆಟ್ ಕಡಿಮೆಯಾದಾಗ ಕತ್ತರಿ ಬೀಳೋದು ಯಾರೂ ತೆಗೀದೇ ಇರೋ ಜರ್ನಲ್‌ಗೆ. ನೀವು ಅದನ್ನ ಸ್ನೇಹಿತರ ಹತ್ರ ಪಿಡಿಎಫ್ ತರಿಸ್ಕೊಂಡು ಓದ್ತಾ ಇದ್ರೆ ಆ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ. ಕೆಲವೇ ಜನ ಓದೋ ಸಣ್ಣ ವಿಷಯದ ಜರ್ನಲ್ ನಿಮಗೆ ಬೇಕೇ ಬೇಕು ಅಂದ್ರೆ ರಿನ್ಯೂವಲ್‌ಗೆ ಮುಂಚೆ ಲೈಬ್ರೇರಿಯನ್‌ಗೆ ಒಂದು ಮೇಲ್ ಹಾಕಿ, ಯಾವ ಕೆಲಸಕ್ಕೆ, ಎಷ್ಟು ಜನಕ್ಕೆ ಬೇಕು ಅಂತ ಬರೆದು. ಎಷ್ಟೋ ಚಂದಾಗಳು ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ಇರ್ತಾವೆ, ಡಿಸೆಂಬರ್ ಬರೋವರೆಗೆ ಕಾದ್ರೆ ಅಷ್ಟೊತ್ತಿಗೆ ಮುಂದಿನ ವರ್ಷದ ಪಟ್ಟಿ ಕಳಿಸಿ ಆಗಿರುತ್ತೆ.